ಒಬ್ಬರೇ ಇರೋ ಹಿರಿಯರಿಗೆ ಮನೆಸಹಾಯ: ಎಷ್ಟು ಹೊತ್ತು, ಯಾವ ಕೆಲಸಕ್ಕೆ, ಮನೆಯೊಳಗೆ ಏನೇನು ಬದಲಾಗಬೇಕು? (ದಾವಣಗೆರೆ)

ಹದಡಿ ರಸ್ತೆ
ಎಲ್ಲರಿಗೂ ನಮಸ್ಕಾರ. ಮಂಡಿಪೇಟೆ ಹಿಂದಿನ ಹಳೇ ಮನೆ, 78 ವರ್ಷದ ಅವ್ವ ಒಬ್ಬರೇ ಇದ್ದಾರೆ. ಬಿಪಿ ಮಾತ್ರೆ ನಡೀತಿದೆ, ಮೊಣಕಾಲು ನೋವು, ಬೇರೆ ದೊಡ್ಡ ಕಾಯಿಲೆ ಇಲ್ಲ. ಅಡುಗೆ ತಾವೇ ಮಾಡಿಕೊಳ್ತಾರೆ. ಸ್ನಾನಕ್ಕೆ ಹೋಗೋಕೆ ಹೆದರಿಕೆ, ನಲ್ಲಿ ನೀರು ಬಿಡೋ ದಿನ ಒದ್ದಾಟ. ಊರು ಬಿಟ್ಟು ಬರೋಕೆ ಒಪ್ಪಲ್ಲ. ಏಜೆನ್ಸಿಯವರು "24 ಗಂಟೆ ಹೋಂ ನರ್ಸ್ ಇಡಿ, ಎಲ್ಲಾ ನೋಡ್ಕೊಳ್ತಾರೆ" ಅಂತಿದ್ದಾರೆ. ಅಷ್ಟು ಬೇಕಾ? ಏನು ಕೇಳಿ ಒಪ್ಪಬೇಕು, ತಿಳಿದವರು ಹೇಳಿ.

ಮನೆಸಹಾಯ ಸಂಯೋಜನೆ, ವಿದ್ಯಾನಗರ
"ಎಲ್ಲಾ ನೋಡ್ಕೊಳ್ತಾರೆ" ಅನ್ನೋ ಮಾತಿಗೆ ಒಪ್ಪಬೇಡಿ. ಆ ಮಾತಲ್ಲಿ ಯಾವ ಕೆಲಸವೂ ಇಲ್ಲ.

ನಮ್ಮೂರಲ್ಲಿ ಮನೆಗೆ ಬರೋರನ್ನೆಲ್ಲ ಹೋಂ ನರ್ಸ್ ಅಂತಲೇ ಕರೀತಾರೆ. ನರ್ಸಿಂಗ್ ಓದಿ, ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ಇದ್ದರೆ ಮಾತ್ರ ನರ್ಸ್. ಇಂಜೆಕ್ಷನ್, ಗಾಯದ ಡ್ರೆಸ್ಸಿಂಗ್, ಮೂತ್ರದ ಪೈಪು, ಮೂಗಿನ ಪೈಪಿನ ಊಟ ಇವೆಲ್ಲ ನರ್ಸ್ ಕೆಲಸ. ನಿಮ್ಮ ಅವ್ವನಿಗೆ ಇದ್ಯಾವುದೂ ಬೇಕಿಲ್ಲ. ಅವರಿಗೆ ಬೇಕಿರೋದು ಸಹಾಯಕಿ: ಸ್ನಾನದ ಹೊತ್ತಿಗೆ ಹತ್ತಿರ ಇರೋದು, ನೀರು ತುಂಬೋದು, ಸಂತೆ, ಬಟ್ಟೆ, ಒಂದಿಷ್ಟು ಓಡಾಟಕ್ಕೆ ಜೊತೆ. ನರ್ಸ್ ಅಂತ ಹೆಸರು ಹೇಳಿ ಹೆಚ್ಚು ದುಡ್ಡು ಕೇಳಿದರೆ ನೋಂದಣಿ ಸಂಖ್ಯೆ ಕೇಳಿ.

ಯಾರನ್ನೂ ಇಡೋ ಮೊದಲು ಒಂದು ವಾರ ನೋಟ್‌ಬುಕ್ ಬರೀರಿ. ಅವ್ವ ಏಳೋದರಿಂದ ಮಲಗೋವರೆಗೆ ಏನೇನು ಮಾಡ್ತಾರೆ, ಎಷ್ಟು ಹೊತ್ತಿಗೆ ಅಂತ. ಪ್ರತಿ ಕೆಲಸದ ಮುಂದೆ ಮೂರರಲ್ಲಿ ಒಂದು ಗುರುತು: ತಾವೇ ಮಾಡ್ತಾರೆ, ಯಾರಾದರೂ ಪಕ್ಕದಲ್ಲಿದ್ದರೆ ಮಾಡ್ತಾರೆ, ಆಗೋದೇ ಇಲ್ಲ. ಸಹಾಯ ಬೇಕಿರೋದು ಎರಡು, ಮೂರನೇ ಗುರುತಿಗೆ ಮಾತ್ರ. ಮೊದಲನೇ ಗುರುತಿನ ಕೆಲಸ ಸಹಾಯಕಿ ಮುಟ್ಟಬಾರದು. ರೊಟ್ಟಿ ಬಡಿಯೋ ಕೈಯಿಂದ ಹಿಟ್ಟು ಕಿತ್ತುಕೊಂಡು "ನೀವು ಕೂತ್ಕಳಿ ಅಜ್ಜಿ" ಅಂದರೆ ಆರು ತಿಂಗಳಲ್ಲಿ ಆ ಕೈ ರೊಟ್ಟಿ ಬಡಿಯೋದನ್ನೇ ಬಿಡುತ್ತೆ.

ಬರೆದು ನೋಡಿದಾಗ ಇನ್ನೊಂದು ಗೊತ್ತಾಗುತ್ತೆ. ಎರಡನೇ ಗುರುತಿನ ಎಷ್ಟೋ ಕೆಲಸಕ್ಕೆ ಮನುಷ್ಯರು ಬೇಕಿಲ್ಲ, ವಸ್ತು ಸಾಕು. ಬೆಳಿಗ್ಗೆ ಬಾಗಿಲ ಮುಂದಿನ ನಂದಿನಿ ಪ್ಯಾಕೆಟ್ ಎತ್ತಿಕೊಳ್ಳಲು ಬಗ್ಗಬೇಕು, ಅಲ್ಲಿ ತಲೆ ಸುತ್ತುತ್ತೆ ಅಂತಿಟ್ಟುಕೊಳ್ಳಿ. ಎದೆಯ ಎತ್ತರಕ್ಕೆ ಒಂದು ಮೊಳೆ, ಅದಕ್ಕೊಂದು ಕೈಚೀಲ, ಅಲ್ಲಿಗೆ ಆ ಕೆಲಸ ಮುಗೀತು. ಹಾಲಿನವರಿಗೂ ಹೇಳಿಡಿ: ಹಿಂದಿನ ದಿನದ ಪ್ಯಾಕೆಟ್ ಚೀಲದಲ್ಲೇ ಇದ್ದರೆ ಬಾಗಿಲು ಬಡಿದು, ಪಕ್ಕದ ಮನೆಗೆ ತಿಳಿಸಿ ಹೋಗಬೇಕು.

ನೀವು ಹೇಳಿದಷ್ಟರಲ್ಲಿ ನನಗೆ ಕಾಣೋದು ದಿನಕ್ಕೆ ಎರಡೂವರೆ ಗಂಟೆ, ಬೆಳಿಗ್ಗೆ 7ರಿಂದ 9.30. ನೀರು ಬಿಡೋ ದಿನ ಸಮಯ ಹಿಂದೆಮುಂದೆ. ವಾರಕ್ಕೆರಡು ಸಂಜೆ ಒಂದೊಂದು ಗಂಟೆ ಹೊರಗೆ ಕರ್ಕೊಂಡು ಹೋಗೋಕೆ. ಉಳಿದದ್ದು ಮನೆ ಸರಿಮಾಡೋದರಲ್ಲಿದೆ. ಬಚ್ಚಲಿನ ವಿಷಯ ನಿಟುವಳ್ಳಿ ಅಣ್ಣಾರು ಹೇಳಲಿ.

ಫಿಟ್ಟಿಂಗ್ ಕೆಲಸ, ನಿಟುವಳ್ಳಿ
ಬಚ್ಚಲಿಂದ ಶುರು ಮಾಡ್ರಿ. ದುಡ್ಡು ಕಮ್ಮಿ ಇದ್ರೆ ಬೇರೆಲ್ಲಾ ಬಿಟ್ಟು ಇಷ್ಟ್ ಮಾಡ್ರಿ.

ಒಂದು, ಬಾಗಿಲು. ನಮ್ಮ ಕಡೆ ಬಚ್ಚಲ ಬಾಗಿಲು ಒಳಗ್ ತೆರೀತಾವು. ಒಳಗ್ ಬಿದ್ದೋರ ಮೈ ಬಾಗಿಲಿಗೇ ಅಡ್ಡ ಆಗತೈತಿ, ಹೊರಗಿನೋರು ಎಷ್ಟ್ ದೂಡಿದ್ರೂ ತೆರೆಯಂಗಿಲ್ಲ, ದೂಡಿದಷ್ಟೂ ಅವರಿಗೇ ಪೆಟ್ಟು. ಹಿಂಜು ಬದಲಿಸಿ ಹೊರಗ್ ತೆರೆಯಂಗ ಮಾಡಸ್ರಿ. ಚೌಕಟ್ಟಿನ ಕಚ್ಚು (ಬಾಗಿಲು ಕೂರೋ ತೋಡು) ಅಡ್ಡ ಬಂದ್ರೆ ಪಿವಿಸಿ ಬಾಗಿಲು ಚೌಕಟ್ಟು ಸಮೇತ ಹಾಕೋದು ಸಸಾರ. ಒಳಗಿನ ಚಿಲಕ ತೆಗೆದು, ಹೊರಗಿಂದ ಕಾಯಿನ್ ಹಾಕಿ ತಿರುವಿದ್ರ ತೆರೆಯೋ ಲಾಕ್ ಹಾಕ್ರಿ.

ಎರಡು, ಹಿಡಿಕೆ. ಟವೆಲ್ ರಾಡು ಹಿಡಿಕೆ ಅಲ್ಲ, ಮೈಭಾರ ಬಿದ್ರೆ ಗೋಡೆಯಿಂದ ಕಿತ್ತು ಕೈಗೇ ಬರತೈತಿ. ಗಾಜಿಗೆ ಅಂಟಿಸೋ ಥರದ ವ್ಯಾಕ್ಯೂಮ್ ಹಿಡಿಕೆನೂ ಬ್ಯಾಡ. ಸ್ಟೀಲಿನ ಗ್ರ್ಯಾಬ್ ಬಾರ್ ಬೇಕು. ದಪ್ಪ ಒಂದೂಕಾಲರಿಂದ ಒಂದೂವರೆ ಇಂಚು, ಗೋಡೆಗೂ ಬಾರಿಗೂ ನಡುವೆ ಒಂದೂವರೆ ಇಂಚು ಸಂದು. ಸಂದು ಜಾಸ್ತಿ ಆದ್ರೆ ಜಾರಿದಾಗ ಮೊಣಕೈ ಒಳಗ್ ಸಿಕ್ಕೊಂಡು ಮುರೀತೈತಿ. ಎತ್ತರ ನೆಲದಿಂದ 33ರಿಂದ 36 ಇಂಚು ಅಂತಾರ, ಆದ್ರ ಅವ್ವನ್ನ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟು ಎಲ್ಲಿಗೆ ಬರತೈತಿ ನೋಡಿ ಗುರುತು ಹಾಕ್ರಿ. ಗಿಡ್ಡ ಇರೋರಿಗೆ 36 ಎತ್ತರ ಆಗತೈತಿ. ಬಾಗಿಲ ಪಕ್ಕ ಒಂದು ನೆಟ್ಟಗೆ, ಕಮೋಡಿನ ಪಕ್ಕ ಒಂದು ಅಡ್ಡ.

ಡ್ರಿಲ್ ಮಾಡೋವಾಗ ಆಗೋ ತಪ್ಪು ಹೇಳ್ತೀನಿ. ಟೈಲ್ಸಿಗೆ ನೇರ ಹ್ಯಾಮರ್ (ಡ್ರಿಲ್ ಮಿಷನ್ನಿನ ಕುಟ್ಟೋ ಮೋಡ್) ಹಚ್ಚಿದ್ರ ಸೀಳತೈತಿ. ಗುರುತಿನ ಮ್ಯಾಲೆ ಟೇಪ್ ಅಂಟಿಸಿ, ಹ್ಯಾಮರ್ ಆಫ್ ಮಾಡಿ ಟೈಲ್ಸಿಗಂತ ಬರೋ ಡ್ರಿಲ್ ಬಿಟ್ ಹಾಕಿ ತೂತು ತೆಗೀರಿ, ಟೈಲ್ಸ್ ದಾಟಿದ ಮ್ಯಾಲೆ ಹ್ಯಾಮರ್ ಹಾಕ್ರಿ. ಟೈಲ್ಸು, ಅದರ ಹಿಂದಿನ ಗಾರೆ ಸೇರಿ ಒಂದೂವರೆ ಇಂಚು ತಿಂದ್ಬಿಡತೈತಿ. ಅದಕ್ಕ ಭಾರ ಹೊರೋ ಶಕ್ತಿ ಇಲ್ಲ. ಬೋಲ್ಟು ಅದನ್ನ ದಾಟಿ ಇಟ್ಟಂಗಿಯೊಳಗ ಎರಡೂವರೆ ಇಂಚಾದ್ರೂ ಕೂರಬೇಕು. ತೂತಿನ ಧೂಳು ಊದಿ ಸ್ವಚ್ಛ ಮಾಡ್ರಿ. ಧೂಳು ಉಳಿದ್ರ ಬೋಲ್ಟು ಆವತ್ತು ಬಿಗಿ ಅನ್ನಿಸಿ ತಿಂಗಳಿಗೆ ಸಡಿಲ ಆಗತೈತಿ. ಕೊನಿಗೆ ತೂಕ ಇರೋ ಗಂಡಾಳು ಒಬ್ಬ ಎರಡೂ ಕೈಲಿ ಹಿಡಿದು ಜೋತಾಡಿ ನೋಡಬೇಕು. ಅದು ಆಗೋತನಕ ಫಿಟ್ಟರಿಗೆ ಕೂಲಿ ಕೊಡಬ್ಯಾಡ್ರಿ.

ಹದಡಿ ರಸ್ತೆ
ಅಣ್ಣಾ, ಗೋಡೆ ಹಳೇ ಕಲ್ಲು-ಮಣ್ಣಿನದು, ಒಂದೂವರೆ ಅಡಿ ದಪ್ಪ, ಮೇಲೆ ಗಾರೆ. ಬಚ್ಚಲ ನೆಲ ಚಪ್ಪಡಿ. ಬಚ್ಚಲಿಗೆ ದಾಟೋ ಹೊಸ್ತಿಲು ಐದು ಇಂಚಿದೆ. ಬೋಲ್ಟ್ ನಿಲ್ಲುತ್ತಾ?

ಫಿಟ್ಟಿಂಗ್ ಕೆಲಸ, ನಿಟುವಳ್ಳಿ
ಮಣ್ಣಿನ ಗೋಡೆಗೆ ನಿಲ್ಲಂಗಿಲ್ಲ, ಬೋಲ್ಟು ಅಂಟಿಸೋ ಕೆಮಿಕಲ್ ಹಾಕಿದ್ರೂ ನಿಲ್ಲಂಗಿಲ್ಲ. ಯಾರಾರ ನಿಲ್ಲತೈತಿ ಅಂದ್ರ ನಂಬಬ್ಯಾಡ್ರಿ. ನೆಲದಿಂದ ಎಬ್ಬಿಸ್ರಿ. ಒಂದೂಕಾಲು ಇಂಚಿನ ಜಿಐ ಪೈಪು, ತಲೆಕೆಳಗಾದ ಯು ಆಕಾರ. ಕಾಲು ಊರೋ ಎರಡು ಕಡೆ ಚಪ್ಪಡಿ ಎತ್ತಿ, ಒಂದಡಿ ಚೌಕ, ಒಂದೂಕಾಲಡಿ ಆಳ ಗುಂಡಿ. ಪೈಪಿನ ಬುಡಕ್ಕ ಅಡ್ಡ ಒಂದು ಸರಳು ವೆಲ್ಡ್ ಮಾಡಿಸಿ ಇಳಿಸಿ, 1:2:4 ಕಾಂಕ್ರೀಟ್ (ಸಿಮೆಂಟು ಒಂದು, ಮರಳು ಎರಡು, ಜಲ್ಲಿ ನಾಕು ಪಾಲು). ಏಳು ದಿನ ನೀರು ಹಾಕ್ರಿ, ಅಲ್ಲಿತನ ಯಾರೂ ಹಿಡಿಯಂಗಿಲ್ಲ. ಎರಡನೇ ದಿನನೇ ಹಿಡಿದ್ರ ಬುಡದಾಗ ಸಂದು ಬಿದ್ದು, ಆಮೇಲೆ ಸಾಯೋತನ ಅಲ್ಲಾಡತೈತಿ.

ಹೊಸ್ತಿಲು ಒಡೆಯೋದು ಬ್ಯಾಡ ಅಂತಾರ ಹಿರಿಯರು, ಪೂಜೆ ಮಾಡ್ತಾರ. ಒಡೆಯೋ ಅವಶ್ಯನೂ ಇಲ್ಲ. ಎರಡೂ ಕಡೆ ಎರಡೂವರೆ ಇಂಚಿನ ಮೆಟ್ಟಿಲು ಮಾಡ್ರಿ, ಬಾಗಿಲಿನ ಪೂರಾ ಅಗಲಕ್ಕ, ಪಾದ ಪೂರ್ತಿ ಕೂರಂಗ ಒಂದಡಿ ಉದ್ದಕ್ಕ. ಅರ್ಧ ಅಗಲಕ್ಕ ಮಾಡಿದ್ರ ಕತ್ತಲಾಗ ಅದರ ಅಂಚಿಗೇ ಎಡವ್ತಾರ. ಅಂಚಿಗೆ ಎದ್ದು ಕಾಣೋ ಬಣ್ಣದ ಪಟ್ಟಿ ಬಳೀರಿ, ಚೌಕಟ್ಟಿಗೆ ಒಂದು ನೆಟ್ಟಗಿನ ಹಿಡಿಕೆ. ಚೌಕಟ್ಟು ಗಟ್ಟಿ ಸಾಗವಾನಿ ಇದ್ರ ಸ್ಕ್ರೂ ಚಲೋ ಹಿಡಿತಾವು.

ಫಿಸಿಯೋ, ಎಂಸಿಸಿ ಬಿ ಬ್ಲಾಕ್
ಸಂಯೋಜಕರು ಹೇಳಿದ ಮೂರು ಗುರುತಿನ ಪದ್ಧತಿಗೆ ಹಳೆಯ ಬುನಾದಿ ಇದೆ. 1963ರಲ್ಲಿ ಸಿಡ್ನಿ ಕ್ಯಾಟ್ಜ್ ಮತ್ತು ಜೊತೆಗಾರರು ದಿನನಿತ್ಯದ ಆರು ಕೆಲಸ ಪಟ್ಟಿ ಮಾಡಿದರು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಶೌಚ, ಹಾಸಿಗೆ-ಕುರ್ಚಿಯಿಂದ ಏಳುವುದು, ಮಲಮೂತ್ರದ ಹಿಡಿತ, ಊಟ. 1969ರಲ್ಲಿ ಲಾಟನ್ ಮತ್ತು ಬ್ರಾಡಿ ಇನ್ನೊಂದು ಪಟ್ಟಿ ಕೊಟ್ಟರು: ಫೋನು, ಸಂತೆ, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣಕಾಸು. ಎರಡನೇ ಪಟ್ಟಿಯಲ್ಲಷ್ಟೇ ತೊಂದರೆ ಇದ್ದರೆ ಗಂಟೆ ಲೆಕ್ಕದ ಸಹಾಯ ಸಾಕು. ಮೊದಲ ಪಟ್ಟಿಯಲ್ಲಿ ಮೂರು ನಾಲ್ಕು ಕೆಲಸ ಬಿದ್ದುಹೋದರೆ ರಾತ್ರಿಯೂ ಒಬ್ಬರು ಬೇಕಾಗುತ್ತದೆ. ನಿಮ್ಮ ಅವ್ವನಿಗೆ ಮೊದಲ ಪಟ್ಟಿಯಲ್ಲಿ ಸ್ನಾನ ಒಂದೇ ಕಾಣುತ್ತಿದೆ, ಅದೂ ಹೆದರಿಕೆಯಿಂದ.

ಊರುಗೋಲು ಕೊಡುವಾಗ ಅಳತೆ ನೋಡಿ. ದಿನವೂ ಹಾಕುವ ಚಪ್ಪಲಿ ಹಾಕಿ ನೆಟ್ಟಗೆ ನಿಂತು ಕೈ ಇಳಿಬಿಟ್ಟರೆ ಕೋಲಿನ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು. ಮನೆಯಲ್ಲಿ ಅಜ್ಜ ಬಳಸಿದ ಕೋಲನ್ನೇ ಅಜ್ಜಿಗೆ ಕೊಡುವುದುಂಟು. ಅದು ಉದ್ದವಾಗಿ ಭುಜ ಮೇಲೆದ್ದು ಭಾರವೇ ಬೀಳುವುದಿಲ್ಲ. ನೋವಿರುವ ಮೊಣಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು, ಕೋಲು ಮೊದಲು. ತುದಿಯ ರಬ್ಬರ್ ಬುಷ್ ಸವೆದು ನುಣುಪಾದರೆ ಆ ದಿನವೇ ಬದಲಿಸಿ. ಒದ್ದೆ ಚಪ್ಪಡಿಯ ಮೇಲೆ ಸವೆದ ಬುಷ್ ಇರುವ ಕೋಲು ಬೀಳಿಸುತ್ತದೆ.

ಬಚ್ಚಲಿಗೆ ಪ್ಲಾಸ್ಟಿಕ್ ಸ್ಟೂಲ್ ಬೇಡ, ಒದ್ದೆಯಲ್ಲಿ ಕಾಲು ಅಗಲಿಸುತ್ತದೆ. ತೂತಿರುವ ಆಸನ, ರಬ್ಬರ್ ಕಾಲು, ಎರಡೂ ಕಡೆ ಕೈ ಇರುವ ಅಲ್ಯೂಮಿನಿಯಂ ಸ್ನಾನದ ಕುರ್ಚಿ ಸಿಗುತ್ತದೆ. ಎತ್ತರ 17-18 ಇಂಚು, ಪಾದ ನೆಲಕ್ಕೆ ಪೂರ್ತಿ ಊರಬೇಕು. ಮಂಚವೂ ಅಷ್ಟೇ ಎತ್ತರ. ತಗ್ಗಿದ್ದರೆ ಮಂಚದ ಕಾಲುಗಳ ಕೆಳಗೆ ಮರದ ದಿಮ್ಮಿ ಕೊಡಿ, ಆದರೆ ದಿಮ್ಮಿಯಲ್ಲಿ ಒಂದಿಂಚು ಗುಳಿ ಕೊರೆಸಿ ಮಂಚದ ಕಾಲು ಅದರೊಳಗೆ ಕೂರುವಂತೆ ಮಾಡಿಸಿ. ಬರಿಯ ದಿಮ್ಮಿಯ ಮೇಲೆ ಇಟ್ಟ ಮಂಚ ಒಂದು ದಿನ ಸರಿಯುತ್ತದೆ.

ಎಣ್ಣೆ ಸ್ನಾನದ ಬಗ್ಗೆ ವಿಶೇಷವಾಗಿ ಹೇಳಬೇಕು. ಎಣ್ಣೆಯನ್ನು ಬಚ್ಚಲಲ್ಲಿ ಹಚ್ಚಬೇಡಿ. ಹೊರಗೆ ಕುರ್ಚಿಯಲ್ಲಿ ಕೂರಿಸಿ, ಕೆಳಗೆ ಹಳೇ ಬಟ್ಟೆ ಹಾಸಿ ತಲೆಗೆ, ಮೈಗೆ ಹಚ್ಚಿ, ಅಂಗಾಲು ಬಿಟ್ಟುಬಿಡಿ. ಸ್ನಾನ ಮುಗಿದ ಮೇಲೆ ಅವ್ವ ಕುರ್ಚಿಯಲ್ಲೇ ಕೂತಿರಬೇಕು. ಸಹಾಯಕಿ ನೆಲಕ್ಕೆ ಸೋಪಿನ ಪುಡಿ ಹಾಕಿ ಉಜ್ಜಿ, ನೀರು ಸುರಿದು, ಹಿಂಡಿದ ಬಟ್ಟೆಯಿಂದ ಒರೆಸಿ, ಪಾದವನ್ನೂ ಒರೆಸಿ, ಆಮೇಲೆ ಏಳಿಸಬೇಕು. ಬಕೆಟ್ಟಿಗೆ ಮೊದಲು ತಣ್ಣೀರು, ಮೇಲೆ ಬಿಸಿನೀರು.

ಏಳಿಸುವಾಗ ಕಂಕುಳಿಗೆ ಕೈ ಹಾಕಿ ಎತ್ತುವುದು ಎಲ್ಲರಿಗೂ ಅಭ್ಯಾಸ, ಅದರಿಂದ ಭುಜ ಜಾರುತ್ತದೆ, ಎತ್ತಿದವರ ಸೊಂಟವೂ ಹೋಗುತ್ತದೆ. ಕುರ್ಚಿಯ ಅಂಚಿಗೆ ಸರಿಸಿ, ಪಾದ ಹಿಂದಕ್ಕೆ ತರಿಸಿ, ಮೂಗು ಹೆಬ್ಬೆರಳಿನ ಮೇಲೆ ಬರುವಷ್ಟು ಮುಂದೆ ಬಗ್ಗಿಸಿ, "ಏಳಿ" ಅನ್ನಿ. ಮುಕ್ಕಾಲು ಜನ ತಾವೇ ಏಳುತ್ತಾರೆ.

ಬಿದ್ದರೆ ತಕ್ಷಣ ಎತ್ತಬೇಡಿ. ಇದನ್ನು ಸಹಾಯಕಿಗೆ ಮೊದಲ ದಿನವೇ ಹೇಳಿಕೊಡಿ. ತೊಡೆಸಂದಿಯಲ್ಲಿ ನೋವು, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ ಅಲುಗಾಡಿಸದೆ ಹೊದಿಕೆ ಹೊದಿಸಿ 108ಕ್ಕೆ ಕರೆ. ತಲೆಗೆ ಪೆಟ್ಟಾಗಿ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರಾದರೆ ಚೆನ್ನಾಗೇ ಮಾತಾಡುತ್ತಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಏನೂ ನೋವಿಲ್ಲದಿದ್ದರೆ ಮಗ್ಗುಲಾಗಿಸಿ, ಮೊಣಕಾಲು-ಕೈ ಊರಿಸಿ, ಮುಂದೆ ಗಟ್ಟಿ ಕುರ್ಚಿ ಇಟ್ಟು, ಗಟ್ಟಿ ಕಾಲು ಮೊದಲು ಊರಿ ಏಳಿಸಿ.

ಜೆಸಿಆರ್ ಬಡಾವಣೆ, ಚಿತ್ರದುರ್ಗ
ಎಲ್ಲ ಒಪ್ಪುವ ಮಾತೇ, ಆದರೆ ಎರಡೂವರೆ ಗಂಟೆ ಸಾಕು ಅನ್ನೋದು ಸರಿ ಅನ್ನಿಸ್ತಿಲ್ಲ ಮೇಡಂ. ಮಿಕ್ಕ ಇಪ್ಪತ್ತೊಂದೂವರೆ ಗಂಟೆ? ರಾತ್ರಿ ಮೂತ್ರಕ್ಕೆ ಎದ್ದಾಗಲೇ ಬೀಳೋದು. ಒಬ್ಬರು ಮಲಗೋಕಾದರೂ ಬೇಕು. ಇಲ್ಲದಿದ್ದರೆ ಕ್ಯಾಮೆರಾ ಹಾಕಿಸಿ, ಮಕ್ಕಳು ಫೋನಲ್ಲಿ ನೋಡ್ತಾ ಇರಬಹುದು.

ಮನೆಸಹಾಯ ಸಂಯೋಜನೆ, ವಿದ್ಯಾನಗರ
ರಾತ್ರಿಯ ಮಾತು ಸರಿ ಸರ್. ಆದರೆ ಇನ್ನೊಂದು ಕೋಣೆಯಲ್ಲಿ ಮಲಗಿದ ಸಹಾಯಕಿಯೂ ಬೀಳೋದನ್ನ ತಡೆಯೋಕಾಗಲ್ಲ. ಅವಳಿಗೂ ನಿದ್ದೆ ಬರುತ್ತೆ, ಹಗಲೆಲ್ಲ ದುಡಿದಿರ್ತಾಳೆ. ತಡೆಯೋದು ಬೆಳಕು, ಹತ್ತಿರದ ಶೌಚ, ಕೂಗಿದರೆ ಕೇಳೋ ಏರ್ಪಾಡು.

ಮಂಚದಿಂದ ಶೌಚದವರೆಗೆ ನಾಲ್ಕೈದು ಅಡಿಗೊಂದು ಸೆನ್ಸರ್ ದೀಪ, ನೆಲದಿಂದ ಒಂದಡಿ ಎತ್ತರಕ್ಕೆ. ಚಾರ್ಜ್ ಆಗೋ ಥರದ್ದೇ ತಗೊಳ್ಳಿ, ಕರೆಂಟ್ ಹೋದಾಗಲೇ ಅದು ಬೇಕಾಗೋದು. ಶೌಚ ಹಿತ್ತಿಲಲ್ಲಿದ್ದರೆ ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ. ಅದರ ಪಾತ್ರೆ ಬೆಳಿಗ್ಗೆ ತೊಳೆಯೋದು ಸಹಾಯಕಿಯ ಕೆಲಸ ಅಂತ ಮೊದಲೇ ಬರೆದು ಒಪ್ಪಿಸಿ. ಬಾಯಿಮಾತಲ್ಲಿ ಬಿಟ್ಟರೆ ಮೂರನೇ ದಿನಕ್ಕೆ ಜಗಳ ಇದರಿಂದಲೇ.

ಆಮೇಲೆ ಬೆಲ್. ವೈರ್‌ಲೆಸ್ ಕಾಲಿಂಗ್ ಬೆಲ್, ಎರಡು ಸ್ವಿಚ್ ಇರೋದು. ಒಂದು ಮಂಚಕ್ಕೆ, ಇನ್ನೊಂದು ಬಚ್ಚಲಲ್ಲಿ ನೆಲದಿಂದ ಒಂದಡಿಗೆ. ಎಲ್ಲರೂ ನಿಂತವರ ಕೈಗೆ ಸಿಗೋ ಎತ್ತರಕ್ಕೆ ಅಂಟಿಸ್ತಾರೆ, ಬಿದ್ದವರಿಗೆ ಅದು ಸಿಗಲ್ಲ. ಗಂಟೆ ಬಾರಿಸೋ ಪೆಟ್ಟಿಗೆ ಪಕ್ಕದ ಮನೆಯಲ್ಲಿರಲಿ. ಅದು ಬ್ಯಾಟರಿಯದ್ದಾಗಿರಲಿ, ಪ್ಲಗ್ಗಿಂದು ಕರೆಂಟ್ ಹೋದರೆ ಸುಮ್ಮನಾಗುತ್ತೆ. ದಪ್ಪ ಕಲ್ಲುಗೋಡೆ ದಾಟಿ ಸಿಗ್ನಲ್ ಹೋಗುತ್ತಾ ಅಂತ ಎಲ್ಲ ಬಾಗಿಲು ಹಾಕಿ ಪರೀಕ್ಷೆ ಮಾಡಿ. ತಿಂಗಳ ಮೊದಲ ಸೋಮವಾರ ಒತ್ತಿ ನೋಡೋ ಪದ್ಧತಿ ಇಟ್ಟುಕೊಳ್ಳಿ.

ಇನ್ನು ಬೀಗ. ಹಳೇ ಮನೇಲಿ ರಾತ್ರಿ ಅಗಳಿ, ಮೇಲೊಂದು ಕೆಳಗೊಂದು ಚಿಲಕ ಹಾಕ್ತಾರೆ. ಬೆಲ್ ಕೇಳಿ ಪಕ್ಕದವರು ಓಡಿಬಂದರೂ ಒಳಗೆ ಬರೋಕಾಗಲ್ಲ. ಹೊರಗಿಂದ ಕೀಲಿಯಲ್ಲಿ ತೆರೆಯೋ ನೈಟ್ ಲ್ಯಾಚ್ ಹಾಕಿಸಿ, ಒಂದು ಕೀಲಿ ಪಕ್ಕದ ಮನೆಗೆ, ಒಂದು ಊರಲ್ಲೇ ಇರೋ ಬಂಧುಗಳಿಗೆ. ಅವ್ವನಿಗೆ ಅಗಳಿ ಇಲ್ಲದೆ ನಿದ್ದೆ ಬರಲ್ಲ ಅಂದರೆ ಲ್ಯಾಚ್ ಎರಡು ವಾರ ಬಳಸಿ ನಂಬಿಕೆ ಬಂದಮೇಲೆ ಅಗಳಿ ತೆಗೆಸಿ. ಒತ್ತಾಯ ಬೇಡ.

ಕ್ಯಾಮೆರಾ ಬಾಗಿಲಲ್ಲಿ, ನಡುಮನೆಯಲ್ಲಿ ಇರಲಿ, ಅವ್ವನಿಗೂ ಸಹಾಯಕಿಗೂ ಹೇಳಿ ಹಾಕಬೇಕು. ಮಲಗೋ ಕೋಣೆ, ಬಚ್ಚಲ ಕಡೆ ಸುತರಾಂ ಬೇಡ. ಅದು ಅವರ ಮನೆ, ಸೀರೆ ಉಡೋದನ್ನ ಮಗ ಬೆಂಗಳೂರಲ್ಲಿ ಕೂತು ನೋಡೋ ಹಾಗಾಗಬಾರದು.

ಜೆಸಿಆರ್ ಬಡಾವಣೆ, ಚಿತ್ರದುರ್ಗ
ಬಿದ್ದವರ ಕೈಗೆ ಸಿಗೋ ಎತ್ತರ ಅನ್ನೋದು ಹೊಳೆದಿರಲಿಲ್ಲ. ಒಪ್ಪಿದೆ ಮೇಡಂ. ಆದರೂ ಮರೆವು ಶುರುವಾದವರಿಗೆ ಇದು ಸಾಲದು ಅಂತ ಬರೆದಿಡಿ.

ಮನೆಸಹಾಯ ಸಂಯೋಜನೆ, ವಿದ್ಯಾನಗರ
ಖಂಡಿತ ಸಾಲದು. ಗ್ಯಾಸ್ ಹಚ್ಚಿ ಎರಡನೇ ಸಲ ಮರೆತರೆ, ದಿನಾ ಹೋಗೋ ದಾರಿ ತಪ್ಪಿದರೆ, ಮಾತ್ರೆ ಎರಡೆರಡು ಸಲ ತಗೊಂಡರೆ ಗಂಟೆ ಲೆಕ್ಕ ಮುಗೀತು. ಡಾಕ್ಟರಿಗೆ ತೋರಿಸಿ, ಜೊತೆಗೇ ಇರೋರನ್ನ ನೋಡಬೇಕು.

ಮಾತ್ರೆ ವಿಷಯ ಬಂತು, ಹೇಳಿಬಿಡ್ತೀನಿ. ಏಳು ದಿನ, ನಾಲ್ಕು ಹೊತ್ತಿನ ಡಬ್ಬಿ ತಗೊಳ್ಳಿ. ತುಂಬೋದು ಮನೆಯವರು ಅಥವಾ ನರ್ಸ್, ವಾರಕ್ಕೊಮ್ಮೆ. ಸಹಾಯಕಿ ಡಬ್ಬಿಯಲ್ಲಿ ಆ ಹೊತ್ತಿನ ಖಾನೆ ತೆರೆದು ಕೈಗೆ ಕೊಡೋದು, ನೀರು ಕೊಡೋದು, ನೋಟ್‌ಬುಕ್ಕಲ್ಲಿ ಗುರುತು ಹಾಕೋದು, ಅಷ್ಟೇ. "ಇವತ್ತು ತಲೆನೋವು, ಇನ್ನೊಂದು ಬಿಪಿ ಮಾತ್ರೆ ಕೊಡು" ಅಂದರೂ ಕೊಡಬಾರದು, ಫೋನ್ ಮಾಡಬೇಕು. ಅತಿ ಹೆಚ್ಚು ಅನಾಹುತ ಆಗೋದು ಡಾಕ್ಟರ್ ಬದಲಾದಾಗ. ಹಳೇ ಮಾತ್ರೆಯ ಹೆಸರು ಒಂದು, ಹೊಸದರ ಹೆಸರು ಇನ್ನೊಂದು, ಒಳಗಿನ ಔಷಧ ಒಂದೇ ಅಮ್ಲೋಡಿಪಿನ್. ಎರಡೂ ನುಂಗಿ ಬಿಪಿ ಇಳಿದು ಬೀಳ್ತಾರೆ. ಸ್ಟ್ರಿಪ್ಪಿನ ಮೇಲೆ ಕಂಪನಿ ಹೆಸರಿನ ಹತ್ತಿರ ಸಣ್ಣಕ್ಷರದಲ್ಲಿ ಔಷಧದ ಹೆಸರಿರುತ್ತೆ, ಅದನ್ನ ಹೋಲಿಸಿ. ಹಳೇ ಸ್ಟ್ರಿಪ್ ಅದೇ ದಿನ ಮನೆಯಿಂದ ಆಚೆ ಹೋಗಲಿ. ಕತ್ತರಿಸಿದ ಚೂರು ಇಡಬೇಡಿ, ಹೆಸರು, ತಾರೀಖು ಕಾಣಲ್ಲ. ಗಾಳಿ ತಾಗಿದರೆ ಕೆಡೋ ಮಾತ್ರೆ ಯಾವುದು ಅಂತ ಅಂಗಡಿಯವರನ್ನ ಕೇಳಿ, ಅಂಥದ್ದನ್ನ ಸ್ಟ್ರಿಪ್ಪಲ್ಲೇ ಬಿಡಿ.

ನಿವೃತ್ತ ಬ್ಯಾಂಕ್ ನೌಕರ, ಪಿಜೆ ಬಡಾವಣೆ
ಹಣದ ವಿಷಯಕ್ಕೆ ನನ್ನ ಮಾತು ಸೇರಿಸುತ್ತೇನೆ.

ಸಹಾಯಕಿಗೆ ಎಟಿಎಂ ಪಿನ್, ಫೋನಿನ ಯುಪಿಐ ಪಿನ್ ಕೊಡಬಾರದು. ಅನುಮಾನಪಟ್ಟು ಹೇಳುತ್ತಿಲ್ಲ. ಎಲ್ಲಿಯೋ ನೂರು ರೂಪಾಯಿ ವ್ಯತ್ಯಾಸ ಬಂದರೂ ಮೊದಲು ಬೆರಳು ತೋರುವುದು ಅವರ ಕಡೆಗೆ, ಅದರಿಂದ ಅವರನ್ನು ಕಾಪಾಡಬೇಕು. ಒಂದು ಡಬ್ಬಿಯಲ್ಲಿ ವಾರಕ್ಕೆ ಇಂತಿಷ್ಟು ಎಂದು ನಗದು ಇಡಿ. ತರಕಾರಿ, ಹಾಲು, ಆಟೋ ಎಲ್ಲ ಅದರಿಂದ. ಚೀಟಿ ಡಬ್ಬಿಗೇ ವಾಪಸ್. ಶನಿವಾರ ಚೀಟಿಯ ಮೊತ್ತವೂ ಉಳಿದ ನಗದೂ ಕೂಡಿ ಇಟ್ಟ ಹಣಕ್ಕೆ ಸರಿಹೊಂದಬೇಕು. ಲೆಕ್ಕ ಅವ್ವನೇ ಮಾಡಲಿ.

70 ದಾಟಿದವರಿಗೆ ಮನೆಬಾಗಿಲಲ್ಲೇ ನಗದು, ಚೆಕ್‌ಬುಕ್, ಜೀವಿತ ಪ್ರಮಾಣಪತ್ರದ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯಲ್ಲಿ ಕೇಳಿ, ಕೇಳದಿದ್ದರೆ ಯಾರೂ ಹೇಳುವುದಿಲ್ಲ. ಪಿಂಚಣಿ ಇದ್ದರೆ ಜೀವಿತ ಪ್ರಮಾಣಪತ್ರ ನವೆಂಬರಿನಲ್ಲಿ, ಕೇಂದ್ರ ಸರ್ಕಾರದ ಪಿಂಚಣಿದಾರರಿಗೆ 80 ದಾಟಿದ್ದರೆ ಅಕ್ಟೋಬರ್ 1ರಿಂದಲೇ. ಪೋಸ್ಟ್‌ಮ್ಯಾನ್ ಮನೆಗೆ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ದುಡಿದು ಬೆರಳಚ್ಚು ಸವೆದವರಿಗೆ ಯಂತ್ರ ಗುರುತು ಹಿಡಿಯದಿದ್ದರೆ ಮುಖ ತೋರಿಸಿ ಮಾಡುವ ವಿಧಾನ ಕೇಳಿ. ನಿಮಗೆ ಪೊಲೀಸರು, ಕೋರ್ಟು ಎಂದು ಹೆದರಿಸಿ ಹಣ ಕೇಳುವ ಫೋನ್ ಬಂದರೆ ಕಟ್ ಮಾಡಿ ಮಕ್ಕಳಿಗೆ ಹೇಳುವುದು, ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930. ಹಿರಿಯರಿಗೆ ಸಂಬಂಧಿಸಿದ ಯಾವುದೇ ಸಹಾಯಕ್ಕೆ ಎಲ್ಡರ್‌ಲೈನ್ 14567. ಈ ಎರಡು ಸಂಖ್ಯೆ, 108, ಪಕ್ಕದ ಮನೆ, ಮಗ, ಮಗಳು: ದೊಡ್ಡ ಅಂಕಿಯಲ್ಲಿ ಬರೆದು ಫೋನಿನ ಮೇಲಿನ ಗೋಡೆಗೆ ಅಂಟಿಸಿ.

ಹೊಳಲ್ಕೆರೆ
ಅಡುಗೆಮನೆ ಯಾರೂ ಹೇಳಲಿಲ್ಲ. ಐದು ಲೀಟರ್ ಕುಕ್ಕರ್ ತೆಗೆದು ಎರಡು ಲೀಟರಿಂದು ಕೊಡಿ. ತುಂಬಿದ ಬಿಂದಿಗೆ ಅಂದ್ರೆ ಹದಿನೈದು ಕೆಜಿ, ಅದನ್ನ ಎತ್ತೋದು ನಿಲ್ಲಿಸಿ ಐದು ಲೀಟರಿನ ಕ್ಯಾನು ಕೊಡಿ. ದಿನಾ ಬಳಸೋದೆಲ್ಲ ಸೊಂಟದಿಂದ ಭುಜದೊಳಗಿನ ಎತ್ತರಕ್ಕೆ ಬರಲಿ, ಅಟ್ಟದ ಮೇಲಿನ ಡಬ್ಬಕ್ಕೆ ಸ್ಟೂಲ್ ಹತ್ತೋದು ನಿಲ್ಲುತ್ತೆ. ಗ್ಯಾಸಿನ ರಬ್ಬರ್ ಪೈಪಿನ ಮೇಲೆ ತಾರೀಖು ಇರುತ್ತೆ, ಐದು ವರ್ಷ ದಾಟಿದ್ದರೆ ಬದಲಿಸಿ. ವಾಸನೆ ಬಂದರೆ ಸ್ವಿಚ್ ಮುಟ್ಟದೆ ಕಿಟಕಿ ತೆಗೆದು ರೆಗ್ಯುಲೇಟರ್ ಆಫ್ ಮಾಡಿ, ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್. ಹಲ್ಲು ಇಲ್ಲದವರಿಗೆ ಕಡಕ್ ರೊಟ್ಟಿ ಬಿಸಿ ಹಾಲಲ್ಲಿ ನೆನೆಸಿಕೊಟ್ಟರೆ ಊಟ ಬಿಡಲ್ಲ, ಮುದ್ದೆ ಇನ್ನೂ ಅನುಕೂಲ. ನೀರು ಬಿಡೋ ದಿನ ಸಂಪಿನ ಮುಚ್ಚಳ ಎತ್ತೋದು, ಮೋಟರ್ ಹಾಕೋದು ಸಹಾಯಕಿಗೇ ಇರಲಿ. ಟ್ಯಾಂಕಿಗೆ ತುಂಬಿದ ಮೇಲೆ ತಾನೇ ಆಫ್ ಆಗೋ ಫ್ಲೋಟ್ ಸ್ವಿಚ್ ಹಾಕಿಸಿದರೆ ಅವ್ವ ರಾತ್ರಿ ಎದ್ದು ಮೋಟರ್ ನೋಡೋ ಕಷ್ಟ ಇರಲ್ಲ.

ಹದಡಿ ರಸ್ತೆ
ತುಂಬಾ ಉಪಕಾರವಾಯ್ತು. ಇನ್ನು ಎರಡೇ ಪ್ರಶ್ನೆ. ಅವ್ವನಿಗೆ ಬೇರೆಯವರು ಮನೆಯೊಳಗೆ ಬರೋದೇ ಇಷ್ಟ ಇಲ್ಲ, "ನನಗೇನು ಕಾಲು ಬಿದ್ದಿದೆಯಾ" ಅಂತಾರೆ. ಒಳಗೆ ಬಂದರೂ ಅಡುಗೆಮನೆಗೆ ಬಿಡಲ್ಲ. ಆಮೇಲೆ, ಕರಾರಲ್ಲಿ ಏನೇನು ಬರೆಸಬೇಕು?

ಮನೆಸಹಾಯ ಸಂಯೋಜನೆ, ವಿದ್ಯಾನಗರ
ಮೊದಲ ದಿನವೇ ಸ್ನಾನ ಮಾಡಿಸೋಕೆ ಯಾರನ್ನೂ ಕಳಿಸಬೇಡಿ. ಹೊಸಬರ ಎದುರು ಬಟ್ಟೆ ಬಿಚ್ಚೋದು ಯಾರಿಗೆ ಹಿಡಿಸುತ್ತೆ? ಮೊದಲ ವಾರ ಮನೆ ಹೊರಗಿನ ಕೆಲಸ: ನೀರು, ಅಂಗಳ, ತರಕಾರಿ. ಎರಡನೇ ವಾರ ಸಂಜೆ ಜೊತೆಯಲ್ಲಿ ಗುಡಿಗೋ, ಕುಂದವಾಡ ಕೆರೆ ಕಡೆಗೋ ಓಡಾಟ. ಮೂರನೇ ವಾರ ಸ್ನಾನದ ಹೊತ್ತಿಗೆ ಬಾಗಿಲ ಹೊರಗೆ ಕೂತು ಮಾತಾಡ್ತಿರೋದು, ಬೆನ್ನು ಉಜ್ಜೋಕೆ ಕರೆದರೆ ಮಾತ್ರ ಒಳಗೆ. ನೋಡೋಕೆ ಬಂದ ಇಬ್ಬರು ಮೂವರಲ್ಲಿ ಯಾರು ಬೇಕು ಅನ್ನೋದನ್ನ ಅವ್ವನೇ ಆರಿಸಲಿ, ಕೆಲಸ ಹೇಳೋದೂ ಅವರೇ. ಮಕ್ಕಳು ಫೋನಲ್ಲಿ ಸಹಾಯಕಿಗೆ ನೇರವಾಗಿ ಹುಕುಂ ಕೊಟ್ಟರೆ ಅವ್ವ ಆ ಮನೇಲಿ ಅತಿಥಿ ಆಗ್ತಾರೆ.

ಅಡುಗೆ ಅವ್ವನೇ ಮಾಡ್ತಾರಲ್ಲ, ಅಡುಗೆಮನೆ ಅವರದ್ದೇ ಇರಲಿ. ಆದರೆ ಸಹಾಯಕಿಗೆ ಬೇರೆ ಲೋಟ, ಬೇರೆ ತಟ್ಟೆ, ಹೊರಗೆ ಕೂತು ತಿನ್ನು ಅನ್ನೋದನ್ನ ನಾನು ಒಪ್ಪಲ್ಲ, ಅಂಥ ಮನೆಗೆ ಯಾರನ್ನೂ ಕಳಿಸೋದೂ ಇಲ್ಲ. ಮೈ ಮುಟ್ಟಿ ಎಬ್ಬಿಸೋ ಕೈಗೆ ಮನೆಯ ಲೋಟದಲ್ಲೇ ಚಹಾ ಕೊಡಬೇಕು. ಇದನ್ನ ಅವ್ವನ ಹತ್ತಿರ ನೀವೇ ಮೊದಲು ಮಾತಾಡಿ.

ಕರಾರಲ್ಲಿ: ಕೆಲಸದ ಪಟ್ಟಿ, ಮಾಡದ ಕೆಲಸದ ಪಟ್ಟಿ, ಬರೋ ಹೋಗೋ ಸಮಯ, ವಾರಕ್ಕೊಂದು ರಜೆ, ಸಂಬಳದಲ್ಲಿ ಸಹಾಯಕಿಗೆ ಎಷ್ಟು, ಏಜೆನ್ಸಿಗೆ ಎಷ್ಟು. ಈ ಕೊನೆಯದನ್ನ ಕೇಳದೇ ಬಿಡಬೇಡಿ. ಮನೆಗೆಲಸ ನಮ್ಮ ರಾಜ್ಯದ ಕನಿಷ್ಠ ವೇತನ ಪಟ್ಟಿಯಲ್ಲಿದೆ, ಅದಕ್ಕಿಂತ ಕಮ್ಮಿ ಕೈಗೆ ಸಿಗೋ ಸಹಾಯಕಿ ಎರಡು ತಿಂಗಳಲ್ಲಿ ಬಿಟ್ಟು ಹೋಗ್ತಾಳೆ, ಅವ್ವ ಮತ್ತೆ ಹೊಸಬರಿಗೆ ಹೊಂದಿಕೊಳ್ಳಬೇಕು. ಗುರುತಿನ ಚೀಟಿ ನಕಲು, ಪೊಲೀಸ್ ಪರಿಶೀಲನೆ ಏಜೆನ್ಸಿಯವರು ಮಾಡಿಸಿರಬೇಕು, ಕಾಗದ ನೋಡಿ. ಬಿಡೋದಿದ್ದರೆ ಎರಡೂ ಕಡೆ ಹದಿನೈದು ದಿನ ಮುಂಚೆ ಹೇಳಬೇಕು. ರಜೆಯ ದಿನಕ್ಕೆ ಬದಲಿ ಯಾರು ಅನ್ನೋದು ಹೆಸರು ಸಮೇತ ಇರಲಿ, ಆ ಬದಲಿಯವರೂ ಅವ್ವನಿಗೆ ಮುಂಚೆಯೇ ಎರಡು ಸಲ ಬಂದು ಪರಿಚಯ ಆಗಿರಬೇಕು.

ಜೆಸಿಆರ್ ಬಡಾವಣೆ, ಚಿತ್ರದುರ್ಗ
ಬದಲಿಯ ಮಾತಿಗೆ ಒಂದು ಸೇರಿಸ್ತೀನಿ. ನಮ್ಮ ಕಡೆ ನಾಯಕನಹಟ್ಟಿ ತೇರಿನ ದಿನಗಳಲ್ಲಿ ಬದಲಿಯವರೂ ಸಿಗಲ್ಲ, ಎಲ್ಲರೂ ಜಾತ್ರೆಗೆ ಹೋಗಿರ್ತಾರೆ. ನಿಮಗೆ ದುರ್ಗಾಂಬಿಕಾ ಜಾತ್ರೆ ಹಾಗೇ.

ಮನೆಸಹಾಯ ಸಂಯೋಜನೆ, ವಿದ್ಯಾನಗರ
ಹೌದು ಸರ್. ಅದು ಎರಡು ವರ್ಷಕ್ಕೊಮ್ಮೆ ಬರುತ್ತೆ, ಯುಗಾದಿ, ದೀಪಾವಳಿ ಪ್ರತಿ ವರ್ಷ. ಈ ದಿನಗಳನ್ನ ಕ್ಯಾಲೆಂಡರಿನಲ್ಲಿ ಈಗಲೇ ಸುತ್ತು ಹಾಕಿ, ಆಗ ಮಕ್ಕಳಲ್ಲಿ ಒಬ್ಬರು ಊರಿಗೆ ಬರೋ ಹಾಗೆ ರಜೆ ಹೊಂದಿಸಿಕೊಳ್ಳಲಿ. ಆ ವಾರ ಡಬ್ಬಿಗೆ ಮಾತ್ರೆ ತುಂಬಿ, ಬೆಲ್ ಒತ್ತಿ ಬ್ಯಾಟರಿ ಇದೆಯಾ ನೋಡಿ, ಹೊಸ್ತಿಲ ಪಟ್ಟಿ ಮಾಸಿದ್ದರೆ ಮತ್ತೆ ಬಳಿದು ಹೋಗಲಿ.

ಫಿಟ್ಟಿಂಗ್ ಕೆಲಸ, ನಿಟುವಳ್ಳಿ
ಹಿಡಿಕೆ ಬೋಲ್ಟೂ ಒಮ್ಮೆ ಪಾನಾ ಹಾಕಿ ಬಿಗೀರಿ. ಯು ಪೈಪಿನ ಬುಡಕ್ಕ ತುಕ್ಕು ಬಂದಿದ್ರ ಉಜ್ಜಿ ತುಕ್ಕು ತಡೆಯೋ ರೆಡ್ ಆಕ್ಸೈಡ್ ಹಚ್ಚಿ, ಒಣಗಿದ ಮ್ಯಾಲೆ ಪೇಂಟ್.